ಒಬ್ಬರಿಗೆ ಒಂದೇ

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಗಾದೆಯ ಸತ್ಯವನ್ನು ಕಣ್ಣಾರೆ ಕಾಣಬೇಕೆಂದರೆ ಯಾವುದಾದರೂ ವಸ್ತುಪ್ರದರ್ಶನಕ್ಕೆ ಹೋಗಬೇಕು. ಜೇಬಿನಲ್ಲಿ ಪೆನ್ನಿದ್ದವರೂ ಅಲ್ಲಿ ಪೆನ್ನಿಗೆ ಕೈಯೊಡ್ಡುತ್ತಾರೆ. ಸ್ಕೂಟರನ್ನು ಮಾರಿ ವರ್ಷಗಳಾದವರೂ ಕೀ-ಚೈನು ಬೇಡವೆನ್ನುವುದಿಲ್ಲ. ನಮ್ಮ ಮನೆಯಲ್ಲಂತೂ ಬೀಗಗಳಿಗಿಂತ ಕೀ-ಚೈನುಗಳೇ ಹೆಚ್ಚಾಗಿ, ಕಳ್ಳರು ಬಂದರೆ ಅವರಿಗೂ ಒಂದೊಂದು ಕೊಟ್ಟು ಕಳಿಸಬಹುದು.

ತುಮಕೂರು ರಸ್ತೆಯ ಮಾದಾವರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರಮೇಳದಲ್ಲಿ ಈ ಬೇಟೆಗೆ ಒಂದು ಶಿಷ್ಟಾಚಾರವಿದೆ. ಮಳಿಗೆಗೆ ಹೋದವರೇ ಕೈಚೀಲ ಎತ್ತಿಕೊಂಡು ಹೊರಡುವುದು ಮರ್ಯಾದೆಯಲ್ಲ. ಮೊದಲು ಲೇತಿನ ಮುಂದೆ ಕೈಕಟ್ಟಿ ನಿಲ್ಲಬೇಕು. ‘ಇದರ ಸ್ಪಿಂಡಲ್ ಎಷ್ಟು ಆರ್‌ಪಿಎಂ?’ ಎಂದು ಕೇಳಬೇಕು. ಟೈ ಕಟ್ಟಿದ ಹುಡುಗ ಶ್ರದ್ಧೆಯಿಂದ ವಿವರಿಸುವಷ್ಟು ಹೊತ್ತೂ ತಲೆಯಾಡಿಸಬೇಕು. ಕಣ್ಣು ಮಾತ್ರ ಮೇಜಿನ ಕಡೆ ಇರಬೇಕು. ಆ ಮೇಜಿಗೂ ಎರಡು ಅಂತಸ್ತು. ಮೇಲೆ ಇರುವುದು ಪೆನ್ನು, ಚಾಕಲೇಟು, ಅದು ಸಾರ್ವಜನಿಕರಿಗೆ. ಕೆಳಗೆ, ಬಟ್ಟೆ ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿರುವುದು ಡೈರಿ, ಸ್ಟೀಲ್ ಬಾಟಲಿ. ಅದು ಆರ್ಡರ್ ಕೊಡುವ ಮುಖದವರಿಗೆ. ನನ್ನ ಮುಖ ನೋಡಿ ಇದುವರೆಗೂ ಯಾರೂ ಬಗ್ಗಿಲ್ಲ.

ಪುಕ್ಕಟೆ ಎನ್ನುವುದೂ ಪೂರ್ತಿ ನಿಜವಲ್ಲ. ಕೊರಳಲ್ಲಿ ತೂಗುವ ಬ್ಯಾಡ್ಜನ್ನು ಆ ಹುಡುಗ ಮೊಬೈಲಿನಿಂದ ‘ಟಿಕ್’ ಎನ್ನಿಸುತ್ತಾನೆ. ಅಲ್ಲಿಗೆ ಪೆನ್ನಿನ ಬೆಲೆ ಪಾವತಿಯಾಯಿತು. ಮುಂದಿನ ವಾರ, ಮಧ್ಯಾಹ್ನ ಇನ್ನೇನು ಕಣ್ಣು ಹತ್ತಬೇಕು, ಫೋನು ಬರುತ್ತದೆ: ‘ಸರ್, ನಿಮ್ಮ ರಿಕ್ವೈರ್‌ಮೆಂಟ್ ಏನು?’ ಸದ್ಯ ನಮ್ಮ ಮನೆಗೆ ಬೇಕಾಗಿರುವುದು ಉಪ್ಪಿನಕಾಯಿ ಜಾಡಿಯ ಬಿರಡೆ ತೆಗೆಯುವ ಯಂತ್ರ. ಅದು ಅವರ ಕ್ಯಾಟಲಾಗಿನಲ್ಲಿಲ್ಲ.

ಬೆಂಗಳೂರಿನ ಜಿಕೆವಿಕೆ ಕೃಷಿಮೇಳದಲ್ಲಿ ಇಷ್ಟೆಲ್ಲ ನಾಟಕವಿಲ್ಲ. ನವೆಂಬರ್ ಬಿಸಿಲು, ಧೂಳು, ರಾಗಿ ತಾಕುಗಳ ಸುತ್ತ ಜಾತ್ರೆಯಂಥ ಜನ. ಬೀಜದ ಕಂಪನಿಯೊಂದರ ಮಳಿಗೆಯ ಮುಂದೆ ಅಜ್ಜನೊಬ್ಬ ಹಸಿರು ಟೋಪಿಯನ್ನು ತನ್ನ ರುಮಾಲಿನ ಮೇಲೆಯೇ ಇಟ್ಟುಕೊಂಡು, ‘ಇನ್ನೊಂದು ಕೊಡಪ್ಪ, ಮನೇಲಿ ಮೊಮ್ಮಗ ಅವ್ನೆ’ ಎಂದ.

‘ಒಬ್ಬರಿಗೆ ಒಂದೇ ಅಜ್ಜ.’

‘ಅಂಗಂತೀಯಾ? ಸರಿ ಬುಡು, ಒಂದು ಸುತ್ತು ಹಾಕ್ಕಂಡು ಬತ್ತೀನಿ.’

ಹುಡುಗ ನಕ್ಕು, ಎರಡನೆಯದನ್ನೂ ಕೊಟ್ಟುಬಿಟ್ಟ. ಅಜ್ಜ ಅದನ್ನು ಗೊಬ್ಬರದ ಕಂಪನಿಯ ಚೀಲದಲ್ಲಿ ಹಾಕಿ, ಆ ಚೀಲವನ್ನು ಟ್ರ್ಯಾಕ್ಟರ್ ಕಂಪನಿಯ ಚೀಲದಲ್ಲಿಟ್ಟು ಮುಂದೆ ನಡೆದ. ಯಾವ ಕಂಪನಿಯೂ ಒಪ್ಪದ ಮೈತ್ರಿಕೂಟ ಅವನ ಹೆಗಲ ಮೇಲೆ ಸುಸೂತ್ರವಾಗಿ ನಡೆದಿತ್ತು.

ಪುಕ್ಕಟೆ ಹಂಚುವ ವಿದ್ಯೆಯ ಗುಟ್ಟು ಬಲ್ಲವನೆಂದರೆ ಅಮೆರಿಕದ ಹೆನ್ರಿ ಹೈಂಜ್. 1893ರ ಷಿಕಾಗೊ ವಿಶ್ವಮೇಳದಲ್ಲಿ ಅವನ ಉಪ್ಪಿನಕಾಯಿ ಮಳಿಗೆಗೆ ಜಾಗ ಸಿಕ್ಕಿದ್ದು ಮಹಡಿಯ ಮೇಲೆ. ಕೆಳಗೆ ನೋಡಿಯೇ ಸುಸ್ತಾದ ಜನ ಮೆಟ್ಟಿಲು ಹತ್ತಲೊಲ್ಲರು. ಹೈಂಜ್ ಸಣ್ಣ ಚೀಟಿಗಳನ್ನು ಅಚ್ಚು ಹಾಕಿಸಿ ಮೇಳದ ತುಂಬ ಚೆಲ್ಲಿಸಿದ: ಇದನ್ನು ತಂದವರಿಗೆ ಉಚಿತ ನೆನಪಿನ ಕಾಣಿಕೆ. ಜನ ಎಷ್ಟು ನುಗ್ಗಿದರೆಂದರೆ ಆ ಮಹಡಿಯ ನೆಲಕ್ಕೆ ಆಸರೆ ಕೊಡಬೇಕಾಯಿತಂತೆ. ಕಾಣಿಕೆಯೇನು ಮಹಾ? ಗಡಿಯಾರದ ಸರಪಳಿಗೆ ಸಿಕ್ಕಿಸಿಕೊಳ್ಳುವ, ಬೆರಳ ತುದಿಯಷ್ಟಿನ ಹಸಿರು ಮಿಡಿಸೌತೆ. ಸುಮಾರು 10 ಲಕ್ಷ ಹಂಚಿದ ಎನ್ನುತ್ತಾರೆ. ನಿಜವಾದ ಮಿಡಿಸೌತೆಯನ್ನು ನಮ್ಮ ರಾಜ್ಯದ ರೈತರು 1990ರ ದಶಕದಿಂದ ಬೆಳೆದು ಪರದೇಶದ ಜಾಡಿಗಳಿಗೆ ತುಂಬಿಸುತ್ತಿದ್ದಾರೆ; ಅವರಿಗೆ ಯಾರಾದರೂ ಒಂದು ಕಾಣಿಕೆ ಕೊಟ್ಟರೋ ಇಲ್ಲವೋ.

ಹೈಂಜ್ ಆ ಕಾಣಿಕೆಯಿಂದ ಕೊಂಡದ್ದು ಜನರ ಕಾಲುಗಳನ್ನು, ಅಷ್ಟೆ. ಮೇಲೆ ಬಂದವರ ನಾಲಿಗೆಯನ್ನು ಒಲಿಸಿಕೊಳ್ಳುವ ಕೆಲಸ ಉಪ್ಪಿನಕಾಯಿಯದು. ಈಗಿನವರು ಪೆನ್ನೊಂದೇ ಎಲ್ಲವನ್ನೂ ಮಾಡಲಿ ಎಂದು ಕಾಯುತ್ತಾರೆ. ಆ ಪೆನ್ನೋ, ಬ್ಯಾಂಕಿನ ಚಲನ್ ಬರೆಯುವಾಗ ಮೊತ್ತದ ಜಾಗಕ್ಕೆ ಬಂದು ನಿಂತುಬಿಡುತ್ತದೆ. ಆಗ ಅದರ ಮೇಲಿನ ಹೆಸರನ್ನು ನಾವು ಓದದೆ ಇರುವುದಿಲ್ಲ. ಓದಿದ ಮೇಲೆ ಹೇಳುವ ಮಾತು ಮಾತ್ರ ಕಂಪನಿಗೆ ಕೇಳಿಸಬಾರದು. ಹೀಗೆ ದಾನ ಕೊಟ್ಟ ವಸ್ತುವಿನ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಕೂಡ ಸಿಗದು. ಕೊಟ್ಟವರಿಗೆ ಪುಣ್ಯವೂ ಇಲ್ಲ, ಜಮೆಯೂ ಇಲ್ಲ.

ಮನೆ ಸೇರಿದ ಮೇಲಂತೂ ವಸ್ತು ಮನೆಯವರ ಹುಕುಮಿಗೆ ಒಳಪಡುತ್ತದೆ. ಡೈರಿಯಲ್ಲಿ ಹಾಲಿನ ಲೆಕ್ಕ, ಚೀಲದಲ್ಲಿ ಹಳೆಯ ಚೀಲಗಳು. ಕೀಟನಾಶಕ ಕಂಪನಿಯ ಟೀ-ಶರ್ಟು ಒಗೆದು ಒಗೆದು ಬಣ್ಣಗೆಟ್ಟು, ಕೊನೆಗೆ ಹೊಲದ ಬೆದರುಬೊಂಬೆಯ ಮೈಮೇಲೆ ಏರಿದ್ದನ್ನು ನೋಡಿದ್ದೇನೆ. ಜಾಹೀರಾತು ಆಗಲೂ ನಡೆದೇ ಇತ್ತು, ಓದುಗರು ಮಾತ್ರ ಗಿಳಿಗಳು.

ಮಳಿಗೆ ಇಡುವವರು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದಿಷ್ಟೆ: ಪೆನ್ನು ಬೇಡ, ಟೋಪಿ ಬೇಡ, ನಾಲ್ಕು ಕುರ್ಚಿ ಹಾಕಿ, ಒಂದು ಲೋಟ ಮಜ್ಜಿಗೆ ಕೊಡಿ. ಬೆಳಗಿನಿಂದ ಅಲೆದು ಪಾದ ಊದಿಸಿಕೊಂಡವರು ಹುಡುಕಿಕೊಂಡು ಬರುತ್ತಾರೆ, ಸಿಕ್ಕವರಿಗೂ ದಾರಿ ಹೇಳುತ್ತಾರೆ. ಕೂತಮೇಲೆ ನಿಮ್ಮ ಬ್ಯಾನರನ್ನು ಮೊದಲಿಂದ ಕೊನೆಯವರೆಗೆ, ಜಿಎಸ್‌ಟಿ ನಂಬರೂ ಬಿಡದಂತೆ, ಓದಿಯೇ ಓದುತ್ತಾರೆ. ಮಜ್ಜಿಗೆ ಮುಗಿಯುವ ತನಕ ಬೇರೆ ಕೆಲಸವಾದರೂ ಏನಿರುತ್ತದೆ?