ಗದ್ದ ಜರಾ ಕೆಳಗ್ರಿ

ಬಸವಕಲ್ಯಾಣದಿಂದ ಹುಮನಾಬಾದಿನ ತನಕ ಯಾವ ಲಗ್ನಕ್ಕೆ ಹೋದರೂ ಮದುಮಕ್ಕಳ ಮುಖಕ್ಕಿಂತ ಮೊದಲು ಕಾಣುವುದು ಈತನ ಬೆನ್ನು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಆ ಬೆನ್ನು ಇನ್ನಷ್ಟು ಅಗಲವಾಗುತ್ತದೆ. ಹಿಂದೆ ಕುಳಿತ ಮುದುಕಿಯರು "ಏ ತಮ್ಮಾ, ಜರಾ ಸರಿಯೋ" ಎಂದು ಕೂಗಿದ್ದು ಬಾಜಾದ ಸದ್ದಿನಲ್ಲಿ ಮುಳುಗಿಹೋಗಿ, ಅವರು ಕೈಯಲ್ಲಿದ್ದ ಅಕ್ಕಿಕಾಳನ್ನು ಅಂದಾಜಿನ ಮೇಲೆ ಎಸೆಯುತ್ತಾರೆ. ಅರ್ಧಕ್ಕರ್ಧ ಈತನ ಮೇಲೇ ಬೀಳುತ್ತದೆ. ಅಕ್ಕಿಕಾಳು ಅನ್ನುವುದು ಹೆಸರಿಗಷ್ಟೇ. ಈ ಕಡೆಯ ಎಷ್ಟೋ ಮದುವೆಗಳಲ್ಲಿ ಎರಚುವುದು ಬಣ್ಣ ಹಚ್ಚಿದ ಜೋಳ. ಒಂದು ಮಳೆಗಾಲದಲ್ಲಿ ಈತನ ಕ್ಯಾಮೆರಾ ಬ್ಯಾಗಿನ ಮೂಲೆಯಲ್ಲಿ ಅದು ಮೊಳಕೆಯನ್ನೂ ಒಡೆದಿತ್ತಂತೆ.

ಈತ ಫೋಟೋದವ. ಹೆಸರು ಲಗ್ನಪತ್ರಿಕೆಯಲ್ಲಿ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಕನ್ನಡದಲ್ಲಿ ಗದ್ದ ಇಳಿಸಿ, ಮರಾಠಿಯಲ್ಲಿ ನಗಿಸಿ, ದಖನಿಯಲ್ಲಿ ಬಾಕಿ ವಸೂಲು ಮಾಡುವ ಮನುಷ್ಯ. ಈ ಸೀಮೆ ಹೈದರಾಬಾದಿನ ನಿಜಾಮರ ಕೈಯಲ್ಲಿದ್ದಾಗ ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನದಲ್ಲಿ ಲಾಲಾ ದೀನ್ ದಯಾಳ್ (1844–1905) ಎಂಬ ಫೋಟೋದವರೊಬ್ಬರು ಇದ್ದರು. ಅವರಿಗೆ ನಿಜಾಮರು ಕೊಟ್ಟ ಬಿರುದು 'ಮುಸವ್ವಿರ್ ಜಂಗ್'. ನಮ್ಮವನಿಗೆ ಬೀಗರು ಕೊಟ್ಟ ಬಿರುದು 'ಏ ಫೋಟೋ'.

ಕಲಿತದ್ದು ರೀಲಿನ ಕಾಲದಲ್ಲಿ. ಒಂದು ರೀಲಿಗೆ 36 ಫೋಟೋ, ಮದುವೆಗೆ ಬಂದ ನೆಂಟರು ಮುನ್ನೂರು. ಪ್ರತಿಯೊಬ್ಬ ಕಾಕಾನೂ ಮಾಮಾನೂ ಮದುಮಗನ ಪಕ್ಕ ನಿಂತು ಮೀಸೆ ತಿರುವಿದರೆ ರೀಲು ಎಲ್ಲಿಂದ ತರುವುದು? ಗುರುಗಳು ಮೊದಲ ದಿನವೇ ಹೇಳಿಕೊಟ್ಟ ವಿದ್ಯೆ ಖಾಲಿ ಫ್ಲ್ಯಾಶು. ಬೆಳಕು ಹೊಡೆಯುತ್ತದೆ, ನೆಂಟ ತೃಪ್ತನಾಗಿ ಊಟಕ್ಕೆ ಹೋಗುತ್ತಾನೆ, ರೀಲು ಇದ್ದಲ್ಲೇ ಇರುತ್ತದೆ. ಆರು ತಿಂಗಳಾದ ಮೇಲೆ "ನಮ್ಮ ಫೋಟೋ ಎಲ್ಲದರಿ?" ಎಂದು ಕೇಳಿದವರಿಗೆ "ಕಣ್ಣು ಮುಚ್ಚೀರಿ ಕಾಕಾ, ತೊಳಸ್ಲಿಲ್ಲ" ಅನ್ನುವ ಉತ್ತರವೂ ಆ ವಿದ್ಯೆಯ ಜೊತೆಗೇ ಬಂದದ್ದು.

ಪ್ರಯೋಗದ ಹುಚ್ಚು ಆಗಲೇ ಅಂಟಿತು. ರಿವೈಂಡ್ ಗುಂಡಿ ಒತ್ತಿ ಹಿಡಿದು ಲೀವರ್ ಎಳೆದರೆ ರೀಲು ಮುಂದೆ ಸರಿಯದೆ ಶಟರ್ ಮಾತ್ರ ಸಿದ್ಧವಾಗುತ್ತದೆ. ಒಂದರ ಮೇಲೊಂದು ಎರಡು ಚಿತ್ರ ಬೀಳುತ್ತವೆ. ಕಪ್ಪು ಪರದೆಯ ಮುಂದೆ ಕಮಲ ತೆಗೆದು ಅದರ ನಡುವೆ ಮದುಮಗಳನ್ನು ಕೂರಿಸುವುದು ಯೋಜನೆ. ಲೆಕ್ಕ ತಪ್ಪಿ ಕಮಲದೊಳಗೆ ಮೀಸೆಯ ಸೋದರಮಾವ ಅರಳಿದ. ಪೆಟ್ಟು ಬೀಳುತ್ತದೆಂದು ಈತ ಎರಡು ದಿನ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ. ಸೋದರಮಾವ ಹುಡುಕಿಕೊಂಡು ಬಂದು, ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿಕೊಂಡು ಹೋದ.

ಗಿರಾಕಿಗೆ ಬೇಕಾದದ್ದು ತನ್ನ ಮುಖವಲ್ಲ ಎಂದು ಈತನಿಗೆ ಅಂದೇ ಅನುಮಾನ ಹುಟ್ಟಿತು. ಈ ಅನುಮಾನ ಈ ಊರಿಗೆ ಹೊಸದಲ್ಲ. ಬಸವಕಲ್ಯಾಣ ಬರೀ ಕಲ್ಯಾಣವಾಗಿದ್ದ ಕಾಲದಲ್ಲಿ, 1126ರಿಂದ 1138ರವರೆಗೆ ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಚಿತ್ರಗಳಿಗೆ ಜಾತಿ ವಿಂಗಡಿಸಿದ್ದಾನೆ. ಕನ್ನಡಿಯಲ್ಲಿ ಕಂಡಂತೆ ಇದ್ದರೆ ವಿದ್ಧ ಚಿತ್ರ. ಥಟ್ಟನೆ ಮನಸ್ಸಿಗೆ ಬಂದು ಬರೆದದ್ದು, ಆಕಾರವಷ್ಟೇ ಹೊಂದಿದ್ದು ಅವಿದ್ಧ. ಶೃಂಗಾರದಂಥ ಭಾವ ಉಕ್ಕಿಸಿದರೆ ಭಾವಚಿತ್ರ. ಪುಡಿಯಿಂದ ಮಾಡಿದ್ದು ಧೂಳಿಚಿತ್ರ. ಇಂದಿನ ರೇಟ್ ಕಾರ್ಡಿಗೆ ಹೊಂದಿಸುವುದು ಕಷ್ಟವೇನಿಲ್ಲ. ಅರಿಶಿಣದ ದಿನ ಬಣ್ಣ ತೂರಿ ತೆಗೆಯುವುದು ಧೂಳಿ, ಪ್ರೀ-ವೆಡ್ಡಿಂಗು ಭಾವ, ಆಧಾರ್ ಕಾರ್ಡಿನದು ಅವಿದ್ಧ. ವಿದ್ಧ ಚಿತ್ರಕ್ಕೆ ಮಾತ್ರ ಒಂಬೈನೂರು ವರ್ಷಗಳಿಂದ ಗಿರಾಕಿ ಇಲ್ಲ.

ಆದರೂ ಈತನ ಕೈ ಸುಮ್ಮನಿರುವುದಿಲ್ಲ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಎಲ್ಲರೂ ತೇರು ತೆಗೆಯುತ್ತಾರೆ. ತಾನು ಹರಿಯುವ ಜನದ ನಡುವೆ ಅಲುಗದೆ ನಿಂತ ತೇರು ತೆಗೆಯಬೇಕು ಎಂದು ಒಂದು ವರ್ಷ ಹಟ ಹಿಡಿದ. ಅದಕ್ಕೆ ಶಟರ್ ಬಹಳ ಹೊತ್ತು ತೆರೆದಿರಬೇಕು. ಮಟಮಟ ಮಧ್ಯಾಹ್ನ ಹಾಗೆ ಮಾಡಿದರೆ ಫೋಟೋ ಸುಣ್ಣದ ಗೋಡೆ. ಬೆಳಕು ಕುಡಿಯುವ ಕರಿಗಾಜೊಂದು ಲೆನ್ಸಿನ ಮುಂದೆ ಇರಬೇಕು. ಹತ್ತು ಸ್ಟಾಪಿನ ಫಿಲ್ಟರ್ ಹಾಕಿದರೆ 1/125 ಸೆಕೆಂಡಿನ ಜಾಗದಲ್ಲಿ 8 ಸೆಕೆಂಡು ಸಿಗುತ್ತದೆ. ಒಳ್ಳೆಯ ಫಿಲ್ಟರಿನ ಬೆಲೆ ಕೇಳಿ ಈತ ನೇರ ವೆಲ್ಡಿಂಗ್ ಅಂಗಡಿಗೆ ನಡೆದ. ಲಾರಿಗಳಿಗೆ ಹೆಸರಾದ ಬಸವಕಲ್ಯಾಣದಲ್ಲಿ ವೆಲ್ಡಿಂಗ್ ಗಾಜಿಗೆ ಬರವೇ? ತಂದು ರಬ್ಬರ್ ಬ್ಯಾಂಡಿನಿಂದ ಲೆನ್ಸಿಗೆ ಬಿಗಿದ.

ಮಾಳಿಗೆಯ ಮೇಲೆ ಸ್ಟ್ಯಾಂಡು ಹೂಡಿ ಎಂಟು ಸೆಕೆಂಡು ಉಸಿರು ಬಿಗಿಹಿಡಿದು ತೆಗೆದ ಆ ಫೋಟೋ ಇವತ್ತಿಗೂ ಆತನ ಕಂಪ್ಯೂಟರಿನಲ್ಲಿದೆ. ಮೊದಲನೆಯದಾಗಿ, ವೆಲ್ಡಿಂಗ್ ಗಾಜಿನ ಗುಣ, ಇಡೀ ಹುಮನಾಬಾದು ಪಾಚಿಗಟ್ಟಿದ ಹಾಗೆ ಹಸಿರು. ಎರಡನೆಯದು, ತೇರೂ ನಡೆಯುತ್ತದೆ ಎಂಬುದನ್ನು ಆತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಹಸಿರು ಮೋಡವಾಗಿ ಕರಗಿತ್ತು. ಓಡಾಡುತ್ತಿದ್ದ ಸಾವಿರಾರು ಮಂದಿಯದಂತೂ ಗುರುತೇ ಇಲ್ಲ. ಎಂಟು ಸೆಕೆಂಡು ಅಲುಗದೆ ನಿಂತವರಷ್ಟೇ ಇಂಥ ಚಿತ್ರದಲ್ಲಿ ಉಳಿಯುತ್ತಾರೆ. ಅಂಥವರು ಐದು ಜನ ಇದ್ದರು: ಮಾಳಿಗೆಯ ಮೇಲೆ ಕ್ಯಾಮೆರಾ ಕಂಡ ಕೂಡಲೇ ಎದೆ ಸೆಟೆಸಿ ನಿಂತ ಮುಖಂಡರು. ತೇರಿಲ್ಲದ, ಜನವಿಲ್ಲದ ಹಸಿರು ಜಾತ್ರೆಯಲ್ಲಿ ಬಿಳಿ ಅಂಗಿಯ ಐವರು, ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಹಸಿರು ಅಡಗಿಸಲು ಕಪ್ಪು-ಬಿಳುಪು ಮಾಡಿದ. ಐವರೂ ಒಂದೊಂದು ಪ್ರತಿ ಒಯ್ದರು. "ನೀ ಒಬ್ಬನ ನೋಡಪಾ ಕರೆಕ್ಟ್ ತಗದಿ" ಎಂಬುದು ಅವರಲ್ಲೊಬ್ಬರ ಸರ್ಟಿಫಿಕೇಟು.

ಇನ್ನೊಂದು ಪರೀಕ್ಷೆ ಬಸವಕಲ್ಯಾಣದ 108 ಅಡಿಯ ಬಸವಣ್ಣನ ಮೂರ್ತಿ. ಹೊಸ ಜೋಡಿಯನ್ನು ಮೂರ್ತಿಯ ಬುಡದಲ್ಲಿ ನಿಲ್ಲಿಸಿದರೆ ಜೋಡಿ ಇರುವೆ. ಜೋಡಿಯ ಹತ್ತಿರ ಹೋದರೆ ಬಸವಣ್ಣನವರ ಪೀಠ ಮಾತ್ರ. ಈತ ಒಂದು ಭಾನುವಾರ ಹೆಜ್ಜೆ ಹಾಕಿ ಅಳೆದ. ಐದೂವರೆ ಅಡಿಯ ಹುಡುಗನಿಂದ ಹತ್ತು ಅಡಿ, ಮೂರ್ತಿಯಿಂದ ಸುಮಾರು ಇನ್ನೂರು ಅಡಿ ದೂರ ಕ್ಯಾಮೆರಾ ಇಟ್ಟರೆ ಚೌಕಟ್ಟಿನೊಳಗೆ ಇಬ್ಬರೂ ಸಮ ಎತ್ತರ. ಗಣಿತ ಗೆದ್ದಿತು, ವ್ಯವಹಾರ ಸೋತಿತು. ಹುಡುಗನ ತಂದೆ ಕ್ಯಾಮೆರಾದ ಹಿಂಬದಿ ನೋಡಿ ಗಾಬರಿಯಾದರು: "ಏನೋ ತಮ್ಮಾ, ಇವನ್ನ ಬಸವಣ್ಣೋರ ಸಮಾ ಮಾಡೀದಿ? ಸಣ್ಣಾಂವ ಮಾಡು." ಹುಡುಗ ಮರೆಯಲ್ಲಿ ಬಂದು, "ಅಣ್ಣಾ, ಇನ್ನೂ ಜರಾ ದೊಡ್ಡದು ಆಯ್ತದೇನು?" ಎಂದ. ಆಲ್ಬಮ್ಮಿನಲ್ಲಿ ಎರಡೂ ಹಾಕಿದ್ದಾನೆ, ಬೇರೆ ಬೇರೆ ಪುಟದಲ್ಲಿ. ದುಡ್ಡು ಕೊಡುವವನು ತಂದೆ, ನೋಡುವವನು ಮಗ.

ಡ್ರೋನ್ ತಂದ ವರ್ಷದ ಕತೆ ಚಿಕ್ಕದು. ಮಂಟಪದ ಮೇಲೆ ಕೆಳಗಿಳಿಸಿದಾಗ ಅದರ ಗಾಳಿಗೆ ಭಟ್ಟರ ಪಂಚಾಂಗ ಹಾರಿತು. ಅಂದಿನಿಂದ ಡ್ರೋನು ಶಾಮಿಯಾನದ ಹೊರಗೆ ಬೀಗರ ಕಾರು ಎಣಿಸುತ್ತದೆ.

ಇವೆಲ್ಲಕ್ಕಿಂತ ನಾಜೂಕಿನ ಕೆಲಸ ಹಾರ ಹಾಕುವ ಫೋಟೋ. ಮುದುಕಿ ತೀರಿಕೊಂಡ ಮೂರನೆಯ ದಿನ ಮಗ ಫೋನ್ ಹಿಡಿದು ಬರುತ್ತಾನೆ. ಅದರಲ್ಲಿರುವುದು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಉಂಡ ಹೊತ್ತಿನ ಗುಂಪು ಫೋಟೋ. ಅವ್ವನ ಕೈಯಲ್ಲಿ ಸಜ್ಜಿ ರೊಟ್ಟಿ, ಬಾಯಲ್ಲಿ ಭಜ್ಜಿಯ ತುತ್ತು. ಈತ ರೊಟ್ಟಿ ತೆಗೆದು, ಉಬ್ಬಿದ ಕೆನ್ನೆ ತಗ್ಗಿಸಿ, ಇಳಕಲ್ ಸೀರೆ ಉಡಿಸಿ, ಹಿಂದೆ ನೀಲಿ ಆಕಾಶ ಹಾಕುತ್ತಾನೆ. ಮಗ ನೋಡಿ ಕಣ್ಣೊರೆಸಿಕೊಂಡು, "ಛಲೋ ಆಗ್ಯದರಿ. ಆದ್ರ ನಮ್ಮವ್ವನಂಗ ಕಾಣ್ವಲ್ದು" ಅನ್ನುತ್ತಾನೆ. ಆಗ ಕೆನ್ನೆಯನ್ನು ಮತ್ತೆ ಸ್ವಲ್ಪ ಉಬ್ಬಿಸಬೇಕಾಗುತ್ತದೆ. ಈ ಕೆಲಸಕ್ಕೆ ಈತ ಚೌಕಾಸಿ ಮಾಡಿದ್ದನ್ನು ಯಾರೂ ಕಂಡಿಲ್ಲ.

ಮುಹೂರ್ತವಿಲ್ಲದ ಆಷಾಢದಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋಗುತ್ತಾನೆ. ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಅಕ್ಷರ ಮಾಯ. ಸಂಜೆ ಕವಿದ ಮೇಲೆ ಲೈಟಿನ ಹುಡುಗನಿಂದ ಟಾರ್ಚನ್ನು ಗೋಡೆಗೆ ಕೆನ್ನೆ ತಾಗಿಸಿದಂತೆ ಪಕ್ಕದಿಂದ ಹಾಯಿಸಿದರೆ ಕೊರೆದ ಪ್ರತಿ ಗೆರೆಗೂ ಒಂದೊಂದು ನೆರಳು ಬಿದ್ದು ಸಾಲುಗಳು ಎದ್ದು ಬರುತ್ತವೆ. ಗದ್ದ ಇಳಿಸು ಅನ್ನಬೇಕಿಲ್ಲ, ಕಣ್ಣು ಮುಚ್ಚುವುದಿಲ್ಲ, ಬಾಕಿ ಇಲ್ಲ.

ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕರೊಬ್ಬರು ಬೆಳಕು ಕಂಡು ನಿಂತರು. "ಯಾರದು ಲಗ್ನ?"

"ಯಾರದೂ ಇಲ್ರಿ ಕಾಕಾ. ಕಲ್ಲಿಂದು ತಗೀಲತೀನಿ."

"ಕಲ್ಲು ಎಲ್ಲಿ ಹೋಯ್ತದ? ನಂದೊಂದು ತಗಿ."

ಟೋಪಿ ನೆಟ್ಟಗೆ ಮಾಡಿಕೊಂಡು ಶಿಲಾಬಾಲಿಕೆಯ ಪಕ್ಕ ನಿಂತರು. ಈತನ ಬಾಯಿಂದ ತಾನೇ ತಾನಾಗಿ "ಗದ್ದ ಜರಾ ಕೆಳಗ್ರಿ" ಬಂತು. ಅದೇ ಪಕ್ಕದ ಬೆಳಕು. ಎಪ್ಪತ್ತು ಬೇಸಿಗೆಯ ಒಂದೊಂದು ಸುಕ್ಕೂ ಶಾಸನದ ಅಕ್ಷರದಂತೆ ಎದ್ದು ಬಂದಿತ್ತು. ಸೋಮೇಶ್ವರ ದೊರೆ ಬದುಕಿದ್ದರೆ ವಿದ್ಧ ಎಂದು ಮುದ್ರೆ ಒತ್ತುತ್ತಿದ್ದ. ಮುದುಕರು ಕ್ಯಾಮೆರಾದ ಪರದೆಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು.

"ಛಲೋ ಬಂದದ," ಎಂದರು. "ಜರಾ ಬೆಳ್ಳಗ ಮಾಡು."