ವಿದ್ಯಾರ್ಥಿ ಜಾಲತಾಣ ಮೀಮಾಂಸೆ

ಶಾಸ್ತ್ರದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ನಮ್ಮ ವಿಶ್ವವಿದ್ಯಾಲಯದ ಜಾಲತಾಣ. ಪ್ರಯೋಜನ, ಪರೀಕ್ಷಾ ಶುಲ್ಕ ಕಟ್ಟುವುದು. ಸಂಬಂಧ, ಕಡೇ ದಿನಾಂಕಕ್ಕೂ ದಂಡಕ್ಕೂ ಇರುವಂಥದ್ದು. ಅಧಿಕಾರಿ ಯಾರೆಂಬುದೇ ಜಿಜ್ಞಾಸೆ.

ಪೂರ್ವಪಕ್ಷ: ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸಂದರ್ಭದಲ್ಲಿ ನಿರ್ದಿಷ್ಟ ಗುರಿಯನ್ನು ಫಲಪ್ರದವಾಗಿ, ದಕ್ಷವಾಗಿ, ತೃಪ್ತಿಯಿಂದ ಮುಟ್ಟುವಂತಿದ್ದರೆ ಅದು ಬಳಕೆಯೋಗ್ಯ ಎಂದು 1998ರ ಐಎಸ್‌ಒ 9241-11 ಮಾನದಂಡದ ಸೂತ್ರ. ಪುಟ ತೆರೆಯಲು 10 ಸೆಕೆಂಡು ಮೀರಿದರೆ ಬಳಕೆದಾರನ ಗಮನ ನಿಲ್ಲದೆಂದು ಬಳಕೆಯೋಗ್ಯತಾ ಶಾಸ್ತ್ರದ ಆಚಾರ್ಯ ಯಾಕೊಬ್ ನೀಲ್ಸನ್ನರ ಮತ. ಆಚಾರ್ಯರು ನಮ್ಮ ತಾಣದ ಮುಂದೆ ಕೂತವರಲ್ಲ. ಇಲ್ಲಿ ಲೋಡಿಂಗ್ ಚಕ್ರವೊಂದು ತಿರುಗುತ್ತಲೇ ಇರುತ್ತದೆ. ಅದನ್ನು ದಿಟ್ಟಿಸುವ ವಿದ್ಯಾರ್ಥಿಗೆ ಗಮನವೇನು, ಧ್ಯಾನವೇ ಸಿದ್ಧಿಸುತ್ತದೆ.

ಇನ್ನು ಪ್ರಮಾಣಗಳು.

ಪ್ರತ್ಯಕ್ಷ: ಫೋಟೊ 50 ಕೆಬಿ ಮೀರಬಾರದು, 40 ಕೆಬಿಗೆ ಇಳಿಯಬಾರದು. ಕುಗ್ಗಿಸಿ ಕುಗ್ಗಿಸಿ 48ಕ್ಕೆ ತಂದು ಏರಿಸುವಷ್ಟರಲ್ಲಿ ‘ಸೆಷನ್ ಎಕ್ಸ್‌ಪೈರ್ಡ್’. ಮತ್ತೆ ಲಾಗಿನ್, ಮತ್ತೆ ಕ್ಯಾಪ್ಚಾ. ಹಗ್ಗವೋ ಹಾವೋ ಎಂಬ ಹಳೆಯ ಸಂಶಯಕ್ಕೆ ಕ್ಯಾಪ್ಚಾದೊಳಗಿನ ಸೊನ್ನೆಯೋ ‘ಓ’ವೋ ಎಂಬುದು ನವೀನ ದೃಷ್ಟಾಂತ.

ಅನುಮಾನ: ಹೊಗೆ ಇದ್ದಲ್ಲಿ ಬೆಂಕಿ, ಕಡೇ ದಿನ ಇದ್ದಲ್ಲಿ ಸರ್ವರ್ ಡೌನ್.

ಉಪಮಾನ: ಇದಕ್ಕೆ ಇದೇ ಸಾಟಿ. ಅದು ಅನನ್ವಯಾಲಂಕಾರವಾದ್ದರಿಂದ ಪ್ರಮಾಣವಾಗಿ ಪರಿಗಣಿಸಿಲ್ಲ.

ಶಬ್ದ: ಕಚೇರಿಗೆ ಫೋನ್ ಮಾಡಲಾಗಿ ದೊರೆತ ಆಪ್ತವಾಕ್ಯ, “ನಾಳೆ ಟ್ರೈ ಮಾಡಿ.”

ಪ್ರಯೋಗ: ಐದು ಜನರನ್ನು ಗಮನಿಸಿದರೆ ಬಹುಪಾಲು ದೋಷಗಳು ಹೊರಬೀಳುತ್ತವೆಂದೂ ನೀಲ್ಸನ್ನರೇ ಹೇಳಿದ್ದಾರೆ. ಅದರಂತೆ ಐವರ ಬೆನ್ನು ಹಿಡಿದೆವು. ಐವರೂ ಬಸ್‌ಸ್ಟ್ಯಾಂಡ್ ಎದುರಿನ ಒಂದೇ ಸೈಬರ್ ಸೆಂಟರ್‌ಗೆ ಹೋದರು.

“ಅಣ್ಣಾ, ಎಕ್ಸಾಂ ಫೀಸ್ ಕಟ್ಬೇಕಿತ್ತು.”

“ರಿಜಿಸ್ಟರ್ ನಂಬರ್ ಹೇಳು. ಪಾಸ್‌ವರ್ಡ್ ನನ್ ಹತ್ರ ಇದೆ. ಈಗ ಆಗಲ್ಲ, ರಾತ್ರಿ ಹನ್ನೊಂದರ ಮೇಲೆ ಸರ್ವರ್ ಫ್ರೀ ಇರುತ್ತೆ. ಫೋನ್ ಮಾಡ್ತೀನಿ, ಎದ್ದು ಓಟಿಪಿ ಹೇಳು.”

ಸಿದ್ಧಾಂತ: ಸೂತ್ರದಲ್ಲಿ ‘ನಿರ್ದಿಷ್ಟ ಬಳಕೆದಾರರು’ ಎಂದಿದೆಯೇ ಹೊರತು ‘ವಿದ್ಯಾರ್ಥಿಗಳು’ ಎಂದಿಲ್ಲ. ಅಣ್ಣನಿಗೆ ಕೆಲಸ ಕೈಗೂಡುತ್ತದೆ, ಆದ್ದರಿಂದ ಫಲಪ್ರದ. ನಾಲ್ಕೇ ನಿಮಿಷ, ಆದ್ದರಿಂದ ದಕ್ಷ. ತಲೆಗೆ ಐವತ್ತು ರೂಪಾಯಿ, ಆದ್ದರಿಂದ ತೃಪ್ತಿ. ಹೀಗೆ ಜಾಲತಾಣ ಮೂರು ಲಕ್ಷಣಗಳಲ್ಲೂ ತೇರ್ಗಡೆ. ಅಧಿಕಾರಿ ಅಣ್ಣನೇ, ವಿದ್ಯಾರ್ಥಿಯು ಕೇವಲ ಓಟಿಪಿವಾಹಕ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವರಿಗೆ ಹಾಲ್‌ಟಿಕೆಟ್ ಪರೀಕ್ಷೆಗೆ ಮೊದಲೇ ಡೌನ್‌ಲೋಡ್ ಆಗುವುದು. ಈ ಪ್ರಬಂಧವನ್ನೂ ಅದೇ ತಾಣದಲ್ಲಿ ಸಲ್ಲಿಸಬೇಕಾಗಿದೆ, ಇವತ್ತೇ ಕಡೇ ದಿನ. ಸೈಬರ್‌ನ ಬೆಂಚಿನ ಮೇಲೆ ಕೂತಿದ್ದೇವೆ. ಅಣ್ಣ ಊಟಕ್ಕೆ ಹೋಗಿದ್ದಾನೆ.