ತಾಯಿ ಕಾರ್ಡಿಗೊಂದು ತಕರಾರು ಪತ್ರ

ಮಾನ್ಯ ತಾಯಿ ಕಾರ್ಡಿನವರೇ,

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ, ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಬಸುರಿಯ ಬಗ್ಗೆ ನಿಮಗೆ ತಿಳಿಯದ ಗುಟ್ಟಿಲ್ಲ. ತೂಕ, ರಕ್ತದೊತ್ತಡ, ನುಂಗಿದ ಕಬ್ಬಿಣದ ಮಾತ್ರೆ, ಚುಚ್ಚಿಸಿಕೊಂಡ ಟಿಡಿ (ಧನುರ್ವಾಯು) ಲಸಿಕೆ ಎಲ್ಲವೂ ನಿಮ್ಮ ಹೊಟ್ಟೆಯಲ್ಲಿವೆ. ಮಗುವಿನ ಪುಟದಲ್ಲಂತೂ ದಡಾರ-ರುಬೆಲ್ಲಾ ಲಸಿಕೆ ಎರಡೆರಡು ಸಲ ಬರುತ್ತದೆ. ಆದರೆ ಮಕ್ಕಳಿಗೆ ರುಬೆಲ್ಲಾ ಎಂದರೆ ಮೂರು ದಿನದ ಜ್ವರ, ಒಂದಿಷ್ಟು ಗಂಧೆ. ಅದು ಮನೆ ಮುರಿಯುವುದು ಬಸುರಿನ ಮೊದಲ ತಿಂಗಳುಗಳಲ್ಲಿ. ಆಗ ತಾಯಿಗೆ ತಗುಲಿದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳುವ ಸಂಭವ ಶೇ. 90ರವರೆಗೂ ಇದೆ. ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲೇ ಈ ನಂಟನ್ನು ಕಂಡು ಹೇಳಿದರು. ಅಮೆರಿಕದಲ್ಲಿ 1969ರಲ್ಲೇ ಲಸಿಕೆಯೂ ಬಂತು. ತಾಯಿಯ ಹೆಸರನ್ನೇ ಹೊತ್ತ ನಿಮ್ಮಲ್ಲಿ ತಾಯಿಯ ಪಾಲಿಗೆ ಮಾತ್ರ ಅದಕ್ಕೊಂದು ಗೆರೆ ಜಾಗವಿಲ್ಲ! ನಾನು ಕೇಳುವುದಿಷ್ಟೇ: ಹೆರಿಗೆಯಾದ ಮೇಲೆ ತಾಯಿಗೂ ಈ ಲಸಿಕೆ ಹಾಕಿ.

ಮಕ್ಕಳಿಗೆ ಹಾಕಿದ್ದೇವಲ್ಲ, ಸಾಲದೇ ಎನ್ನುತ್ತೀರಿ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದಾಗ ಲಸಿಕೆ ಸಿಕ್ಕಿದ್ದು 9 ತಿಂಗಳಿಂದ 15 ವರ್ಷದೊಳಗಿನವರಿಗೆ. ಆಗ ಭದ್ರಾವತಿಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿ ಗೆರೆಯಾಚೆ ಉಳಿದಳು. ಇಂದು ಹೆರಿಗೆ ವಾರ್ಡಿನ ಮಂಚದ ಮೇಲಿರುವವಳು ಅವಳೇ. ಅವಳ ಓರಗೆಯವರಲ್ಲಿ ಬಹಳಷ್ಟು ಮಂದಿಗೆ ಬಾಲ್ಯದಲ್ಲೇ ರೋಗ ಬಂದುಹೋಗಿ ರಕ್ಷಣೆ ಇದ್ದೀತು. ಯಾರಿಗೆ ಇಲ್ಲ ಎಂಬುದು ಮುಖ ನೋಡಿ ತಿಳಿಯುವುದಿಲ್ಲ. ಇದ್ದವರಿಗೆ ಇನ್ನೊಮ್ಮೆ ಹಾಕಿದರೆ ಕೇಡೂ ಇಲ್ಲ. ಮಕ್ಕಳಿಗಷ್ಟೇ ಹಾಕಿದರೆ ಏನಾಗುತ್ತದೆಂದು ನೋಡಿ: ಗ್ರೀಸ್ ದೇಶದವರು ಮಕ್ಕಳಿಗಷ್ಟೇ, ಅದೂ ಅರೆಬರೆಯಾಗಿ ಲಸಿಕೆ ಹಾಕುತ್ತ ಕುಳಿತರು. ಸೋಂಕು ಎಳೆಯರನ್ನು ಬಿಟ್ಟು ಹರೆಯದವರತ್ತ ಸರಿಯಿತು; 1993ರ ಹಾವಳಿಯಲ್ಲಿ 25 ಕೂಸುಗಳು ಅದರ ಗುರುತು ಹೊತ್ತು ಹುಟ್ಟಿದವು. ಕ್ಯಾಸನೂರು ಕಾಡಿನ ರೋಗಕ್ಕೆ (ಮಂಗನ ಕಾಯಿಲೆಗೆ) ಹೆಸರು ಕೊಟ್ಟ ಈ ಶಿವಮೊಗ್ಗ ಜಿಲ್ಲೆ ಮಂಗ ಸತ್ತರೆ ಎಚ್ಚರಗೊಳ್ಳುತ್ತದೆ, ಸರಿ. ರುಬೆಲ್ಲಾ ಬಂದಾಗ ಮಂಗ ಸಾಯುವುದಿಲ್ಲ. ಎಷ್ಟೋ ಮಂದಿಗೆ ಗಂಧೆಯೂ ಏಳುವುದಿಲ್ಲ.

ಹೆತ್ತಾದ ಮೇಲೆ ಲಸಿಕೆ ಯಾಕೆ, ಊಟವಾದ ಮೇಲೆ ಎಲೆ ಹಾಕಿದಂತಲ್ಲವೇ ಎಂದರೆ, ಮುಂದಿನ ಪಂಕ್ತಿಗೆ ಎಲೆ ಈಗಲೇ ಹಾಕಬೇಕು ಸ್ವಾಮಿ. ಇದು ಜೀವಂತ ಲಸಿಕೆ, ಬಸುರಿಗೆ ಕೊಡುವಂತಿಲ್ಲ. ಕೊಟ್ಟ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದು. ಹೆಣ್ಣೊಬ್ಬಳು ಬಸುರಿಯಲ್ಲವೆಂದು ಆಸ್ಪತ್ರೆ ಕಣ್ಣಾರೆ ಕಂಡು ಹೇಳಬಲ್ಲ ದಿನ ಹೆರಿಗೆಯ ಮರುದಿನವೇ. ಆಮೇಲೆ ಅವಳು ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ, ಗಂಡ ಭಾನುವಾರದ ಅತಿಥಿಯಾಗುತ್ತಾನೆ. ಲಸಿಕೆ ಕೇಳುವುದು ಒಂದೇ ತಿಂಗಳು, ನಮ್ಮ ಅಜ್ಜಿಯರು ಮೂರು-ಐದು ತಿಂಗಳು ಮಂಜೂರು ಮಾಡಿಟ್ಟಿದ್ದಾರೆ. ಅಮೆರಿಕದವರಿಗೆ ತವರಿನ ಈ ಸೌಕರ್ಯವಿಲ್ಲ. ಆದರೂ ರಕ್ಷಣೆಯಿಲ್ಲದ ಬಾಣಂತಿಗೆ ಮನೆಗೆ ಕಳಿಸುವ ಮೊದಲೇ ಚುಚ್ಚುವುದು ಅಲ್ಲಿನ ಪದ್ಧತಿ. ಹಾಲು ಕೆಡುತ್ತದೆಯೇ? ಲಸಿಕೆಯ ವೈರಸ್ ಕೆಲವೊಮ್ಮೆ ಹಾಲಿನಲ್ಲಿ ಕಂಡದ್ದುಂಟು, ಕೂಸಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಕೆಲವು ಹೆಂಗಸರಿಗೆ ಕೆಲದಿನ ಸಂದುನೋವು ಬರುವುದು ನಿಜ. ಅದನ್ನು ಹೇಳಿಯೇ ಕೊಡಬೇಕು, ಇಲ್ಲದಿದ್ದರೆ ‘ವಾಯು’ ಎಂದು ಹೆಸರಿಟ್ಟು ಇನ್ನೊಂದು ಮುಷ್ಟಿ ಬೆಳ್ಳುಳ್ಳಿ ತಿನ್ನಿಸುತ್ತಾರೆ.

ನಿಮ್ಮ ಕೊನೆಯ ಅಸ್ತ್ರ ನನಗೆ ಗೊತ್ತು: ಸೀಸೆ ತೆರೆದರೆ ನಾಲ್ಕೇ ಗಂಟೆ, ಒಬ್ಬಳಿಗಾಗಿ ಹಲವು ಡೋಸು ಚೆಲ್ಲಬೇಕು. ಹಾಗಾದರೆ ಹೆರಿಗೆ ವಾರ್ಡು ಬಿಡಿ. ಕೂಸಿಗೆ ಆರು ವಾರವಾದಾಗ ಲಸಿಕೆಯ ದಿನ ತಾಯಿಯೇ ಎತ್ತಿಕೊಂಡು ಬರುತ್ತಾಳೆ. ಅಲ್ಲಿ ಒಂಬತ್ತು ತಿಂಗಳ ಮಕ್ಕಳಿಗಾಗಿ ಸೀಸೆ ಹೇಗೂ ತೆರೆದಿರುತ್ತದೆ. ಉಳಿದದ್ದು ಸಂಜೆಗೆ ಕಸ. ಅವಳ ತೋಳು ಅದೇ ಬೆಂಚಿನ ಮೇಲಿರುತ್ತದೆ. ಲಸಿಕೆಗಳ ಪಟ್ಟಿ ದಿಲ್ಲಿಯಲ್ಲಿ ತಯಾರಾಗುತ್ತದೆ, ನಾನು ಬರೀ ಕಾಗದ ಎಂದು ಜಾರಿಕೊಳ್ಳಬೇಡಿ. ಮುಂದಿನ ಮುದ್ರಣದಲ್ಲಿ ಟಿಡಿಯ ಕೆಳಗೆ ಅರ್ಧ ಇಂಚು ಬಿಡಿ. ಖಾಲಿ ಕಾಲಂ ಕಂಡರೆ ತುಂಬದೆ ಬಿಡುವ ಸರ್ಕಾರಿ ಕೈ ಇನ್ನೂ ಹುಟ್ಟಿಲ್ಲ.

ಇಂತಿ,
ನಿಮ್ಮನ್ನು ಪುಟ ಬಿಡದೆ ಓದಿದ ತೆರಿಗೆದಾರ